ಪೆಟ್ರೋಲ್ ಪಂಪಿನಲ್ಲಿ ಬೀರಪ್ಪನ ದೀಪ

ಉರಿಯುವ ದೀಪ ಇಟ್ಟುಕೊಂಡು ಒಂದು ಕಾರು ಪೆಟ್ರೋಲ್ ಹಾಕಿಸಲು ಹೋಗುವುದನ್ನು ನಾನು ಕಂಡದ್ದು ಹುನಗುಂದದ ಹತ್ತಿರ. ಆ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಕೂತಿದ್ದೆ.

ಮೈಸೂರಿನಲ್ಲಿರುವ ನೀವು ಇದನ್ನು ನಂಬಲಿಕ್ಕಿಲ್ಲ. ಅಲ್ಲಿ ಬಂಕಿನಲ್ಲಿ ಮೊಬೈಲ್ ಕೈಗೆತ್ತಿಕೊಂಡರೂ ಬೈಸಿಕೊಳ್ಳುತ್ತೇವೆ. ನಾನು ಮದುವೆಯಾಗಿ ಬಂದ ಇಳಕಲ್ಲಿನಲ್ಲಿ ಬಂಕ್ ಎಂದರೇ ನಗುತ್ತಾರೆ, ಪಂಪ್ ಅನ್ನಬೇಕು. ನನ್ನ ಮಾತಿಗೂ ನಗು, ನಾನು ಬಡಿದ ರೊಟ್ಟಿಗೂ ನಗು. ಬಂದಾಗಿನಿಂದ ಅತ್ತೆಗೂ ನನಗೂ ಹಾವು ಮುಂಗುಸಿಯ ಸಂಬಂಧ.

ಇವರ ಮನೆದೇವರು ಬೀರಪ್ಪ, ಗುಡಿ ಬೇವೂರಿನ ಕಡೆ. ವರ್ಷಕ್ಕೊಮ್ಮೆ ಅಲ್ಲಿ ಹಚ್ಚಿದ ದೀಪವನ್ನು ಆರದಂತೆ ತಂದು, ಅದರಿಂದಲೇ ಮನೆಯ ದೇವರ ದೀಪ ಹೊತ್ತಿಸಬೇಕು. ಆರಿದರೆ ಮನೆಗೆ ಕೇಡು. ಆದ್ದರಿಂದ ತಗಡಿನ ಡಬ್ಬದಲ್ಲಿ ಹಣತೆ, ಡಬ್ಬ ಅತ್ತೆಯ ತೊಡೆಯ ಮೇಲೆ. ಕಾರು ಪಂಪಿನತ್ತ ತಿರುಗುತ್ತಲೇ ನಾನು ಕೂಗಿ ನಿಲ್ಲಿಸಿದೆ.

“ದೀಪ ಇಟ್ಕೊಂಡು ಪೆಟ್ರೋಲ್ ಹಾಕಿಸ್ತೀರಾ? ಎಲ್ಲರೂ ಸುಟ್ಟುಹೋಗ್ತೀವಿ!”

“ದ್ಯಾವರ ದೀಪ ಐತಿ, ಅದೇನ್ ಮಾಡ್ತೈತಿ?” ಎಂದರು ಅತ್ತೆ. “ನಿಮ್ಮ ಮೈಸೂರ ಶಾಣ್ಯಾತನ ಇಲ್ಲಿ ಬ್ಯಾಡ.”

“ಸುಮ್ಮ ಕುಂದ್ರು, ಎರಡ ನಿಮಿಷದ ಕೆಲಸ,” ಎಂದ ಗಂಡ.

ಪಿತ್ತ ನೆತ್ತಿಗೇರಿತು. ಡಬ್ಬ ಕಸಿದುಕೊಂಡು ಇಳಿದು, “ಎಂಜಿನ್ನಾದರೂ ಆಫ್ ಮಾಡಿ ಹಾಕಿಸಿ,” ಎಂದು ಗದರಿ, ರಸ್ತೆ ದಾಟಿ ದೂರದ ಬೇವಿನ ಮರದ ಕೆಳಗೆ ನಿಂತೆ. ನನ್ನನ್ನು ನಂಬದ ಅತ್ತೆ ಬೈಯುತ್ತಾ ಹಿಂದೆಯೇ ಬಂದರು. ಅಷ್ಟರಲ್ಲಿ ಲಾರಿಯೊಂದು ರೊಯ್ಯನೆ ಹೋಯಿತು. ದೀಪ ಆರಿತು.

ಅತ್ತೆ ಪಂಪಿನತ್ತ ನೋಡಿದರು. ಮಗ ಬೆನ್ನು ಹಾಕಿ ಮೀಟರ್ ನೋಡುತ್ತಿದ್ದ. ಚೀಲದಿಂದ ಕಡ್ಡಿಪೆಟ್ಟಿಗೆ ತೆಗೆದು ಬತ್ತಿ ಹೊತ್ತಿಸಿದರು.

“ನಾ ನೋಡಿಲ್ಲ, ನೀ ನೋಡಿಲ್ಲ. ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ.”

ಸಂಜೆ ದೀಪ ನೋಡಲು ಬಂದ ಹೆಂಗಸರಿಗೆ ಅವರು ಹೇಳಿದ್ದು ಇಷ್ಟು: “ಬೀರಪ್ಪನ ದೀಪ ಆರಲಿಲ್ಲ ನೋಡ್ರೆವ್ವಾ. ಈಕಿ ಆರಸಾಕ ನಿಂತಿದ್ಲು, ನಾ ಕಾದೇನಿ.”

ಎಲ್ಲರೂ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಒಂದು ಮಾತು ಆಡಿದ್ದರೆ ಅತ್ತೆಯ ಮರ್ಯಾದೆ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಆ ಮುದುಕಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಓಣಿಯವರ ಕಿವಿಗೆ ಮಾತ್ರ ಇದು ಬೀಳಬಾರದು.