ಉಡಿ ತುಂಬಿದ ಶುಕ್ರವಾರ

ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕುಪ್ಪಸ ಹೊಲಿಯುತ್ತಿದ್ದೇನೆ. ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಮಷೀನು, ಹಿಂದಿನದರಲ್ಲಿ ನಾನು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಎರಡು ಉತ್ತರ ಇಟ್ಟುಕೊಂಡಿದ್ದೇನೆ. ಒಳ್ಳೆಯ ಗಿರಾಕಿಗಳಿಗೆ ಒಂದು, ಹೊಲಿದದ್ದನ್ನು ಮೂರು ಸಲ ಬಿಚ್ಚಿಸುವವರಿಗೆ ಇನ್ನೊಂದು. ಎರಡೂ ನಿಜವಲ್ಲ. ನಿಜವನ್ನು ಸಮಾಧಾನದಿಂದ ಕೂತು ಕೇಳಿದವರೂ ಇಲ್ಲ, ನಾನು ಹೇಳಿದ್ದೂ ಇಲ್ಲ.

ಮಷೀನಿನ ಮುಂದೆ ಕೂತರೆ ಕಿಟಕಿಯಲ್ಲಿ ಎದುರಿಗೆ ಕಾಣುವುದು ಹತ್ತಿಯ ಬೀಜ ಬಿಡಿಸುತ್ತಿದ್ದ, ಈಗ ಮುಚ್ಚಿಹೋದ ಜಿನ್ನಿನ ಕಟ್ಟೆ. ಜಿನ್ನು ನಡೆಯುತ್ತಿದ್ದಾಗ ಅಲ್ಲಿ ಹತ್ತಿ ಆರಿಸುವ ಹೆಂಗಸರಲ್ಲಿ ಒಬ್ಬಳು ಹಿಂದಿನ ತಗಡಿನ ಶೆಡ್ಡಿನಲ್ಲೇ ವಾಸವಾಗಿದ್ದಳು. ಜಿನ್ನು ನಿಂತಿತು. ಯಂತ್ರಗಳನ್ನು ಲಾರಿಗೆ ಹೇರಿ ಒಯ್ದರು, ಶೆಡ್ಡಿನ ತಗಡುಗಳನ್ನೂ ಬಿಚ್ಚಿಕೊಂಡು ಹೋದರು. ಅವಳನ್ನು ಮಾತ್ರ ಯಾರೂ ಒಯ್ಯಲಿಲ್ಲ. ಒಂದು ಕೌದಿ, ಒಂದು ಚರಿಗೆ, ಒಂದು ಕೈಚೀಲ ಹಿಡಿದುಕೊಂಡು ಅವಳು ಮುಂದಿನ ಕಟ್ಟೆಗೆ ಬಂದು ಕೂತಳು. ವಯಸ್ಸು ಅರವತ್ತೈದು ದಾಟಿರಬೇಕು. ಊರು ಯಾವುದೆಂದು ಕೇಳಿದರೆ "ಇದ ನಮ್ಮೂರು" ಎಂದು ಕಟ್ಟೆ ತೋರಿಸುತ್ತಿದ್ದಳು. ಓಣಿಯವರೆಲ್ಲ ಆಯಿ ಎಂದು ಕರೆದೆವು.

ನಾವಿಬ್ಬರೂ ಮಾತಾಡುತ್ತಿದ್ದುದು ಕಿಟಕಿಯಿಂದಲೇ. ನಾನು ದಾರ ಪೋಣಿಸುತ್ತ ಈ ಕಡೆ, ಅವಳು ಕಾಲು ಚಾಚಿ ಆ ಕಡೆ, ನಡುವೆ ಗಾಡಿಗಳು. ದೊಡ್ಡ ಮಾತೇನೂ ಅಲ್ಲ.

"ಇವತ್ತ ನಿನ್ನ ಮಷೀನ್ ಭಾಳ ಒದರಾಕತ್ತದಲ್ಲ" ಎನ್ನುವಳು.

"ಎಣ್ಣಿ ಆರ್ಯಾದ ಆಯಿ, ನನ್ನಂಗ" ಎನ್ನುವೆ.

ಅವಳು ನಗುವಳು. ದಿನಕ್ಕೆ ಇಂಥ ಐದಾರು ಮಾತು. ಅವನ್ನು ಬಿಟ್ಟರೆ ದಿನವಿಡೀ ನನ್ನ ಬಾಯಿಂದ ಹೊರಡುತ್ತಿದ್ದುದು ಎದೆ ಎಷ್ಟು, ತೋಳು ಎಷ್ಟು, ನಾಳೆ ಬರ್ರಿ ಎಂಬುದಷ್ಟೇ.

ಮುಂದಿನ ಕೋಣೆಗೆ ಬಂದು ಮಲಗು ಎಂದು ಅವಳಿಗೆ ಹೇಳಬೇಕೆಂದು ನನಗೆ ಅವಳು ಕಟ್ಟೆಗೆ ಬಂದ ವರ್ಷದ ಮೊದಲ ದೊಡ್ಡ ಮಳೆಗೇ ಅನ್ನಿಸಿತ್ತು. ಬೆಳಿಗ್ಗೆ ಕಿಟಕಿ ತೆಗೆದರೆ ಆಯಿ ಒದ್ದೆ ಕಟ್ಟೆಯ ಮೂಲೆಯಲ್ಲಿ ಕೌದಿಯನ್ನು ಮಡಚಿ ಹೊಟ್ಟೆಗೆ ಅವಚಿಕೊಂಡು ಕೂತಿದ್ದಳು. ತಾನು ತೊಯ್ದರೂ ಕೌದಿ ತೊಯ್ಯದಿರಲಿ ಎಂದು. ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ. ಮನೆಯ ಮಾಲೀಕ ಏನೆನ್ನುತ್ತಾನೋ, ಗಿರಾಕಿಗಳು ಮೂಗು ಮುರಿಯುತ್ತಾರೋ, ನಾಳೆ ಅವಳು ಹಾಸಿಗೆ ಹಿಡಿದರೆ ನೋಡುವವರು ಯಾರು. ಇವೆಲ್ಲ ನೆಪ. ಒಬ್ಬಳೇ ಇದ್ದು ಇದ್ದು ಇನ್ನೊಬ್ಬರನ್ನು ಒಳಗೆ ಕರೆಯುವುದೇ ನನಗೆ ಮರೆತುಹೋಗಿತ್ತು. ಅವಳೇ ಕೇಳಲಿ ಎಂದು ಕಾದೆ. ಅವಳು ಕೇಳುವ ಪೈಕಿಯವಳಲ್ಲ. ರೊಟ್ಟಿ ಕೊಟ್ಟರೂ ಹೊಸ್ತಿಲ ಹೊರಗೇ ನಿಂತು ಸೆರಗೊಡ್ಡಿ ತೆಗೆದುಕೊಳ್ಳುವವಳು, ಕೊಟ್ಟವರ ಬಾಗಿಲ ಮುಂದೆ ಕಸ ಗುಡಿಸಿಯೇ ಹೋಗುವವಳು.

ಅವಳ ಊಟಕ್ಕೆ ಒಂದು ವ್ಯವಸ್ಥೆ ಮಾಡಿದವರು ನಮ್ಮ ಪಕ್ಕದ ಮನೆಯ ಮಾಸ್ತರರ ಹೆಂಡತಿ. ನಾವೆಲ್ಲ ವೈನಿ ಎನ್ನುತ್ತೇವೆ. ವೈನಿ ಯಾವುದನ್ನೂ ಸುಮ್ಮನೆ ಮಾಡುವವರಲ್ಲ. ಮೊಬೈಲಿನಲ್ಲಿ ಓಣಿಯ ಹೆಂಗಸರದೊಂದು ಗ್ರೂಪು ಮಾಡಿದರು, ಯಾವ ದಿನ ಯಾರ ಮನೆಯ ರೊಟ್ಟಿ ಎಂದು ಪಾಳಿ ಹಚ್ಚಿದರು, ರೊಟ್ಟಿಯ ಫೋಟೋ ಹಾಕಬೇಕೆಂದರು. ನನ್ನ ಪಾಳಿಯ ದಿನ ನಾನು ಫೋಟೋ ಹಾಕಲಿಲ್ಲ. ರೊಟ್ಟಿಗೇನು ವರ ನೋಡಬೇಕಾಗಿದೆಯೇ ಎಂದು ಬೈದುಕೊಂಡೆ. ಆದರೆ ಸುಳ್ಳೇಕೆ ಹೇಳಲಿ, ವೈನಿಯ ಆ ಹುರುಪಿನಿಂದಲೇ ಆಯಿ ಒಂದು ದಿನವೂ ಉಪವಾಸ ಬೀಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಳೆ ಮಾರುವ ಮೂಲೆಮನೆಯ ಖಾಲಾ ಕೂಡ ಪಾಳಿಗೆ ಸೇರಿದ್ದರು. ಊಟ ಕೊಟ್ಟು, ಆಯಿಯ ಜೊತೆ ಎಲೆ ಅಡಿಕೆ ಹಾಕಿಕೊಂಡೇ ಅವರು ಹೋಗುತ್ತಿದ್ದರು.

ನವರಾತ್ರಿ ಬಂತು. ಹಬ್ಬದ ಶುಕ್ರವಾರ ಆಯಿಗೆ ಉಡಿ ತುಂಬೋಣ ಎಂದು ವೈನಿ ಗ್ರೂಪಿನಲ್ಲಿ ಹಾಕಿದರು. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ಒಂದೇ ಅನುಮಾನ, ಅವಳು ಮುತ್ತೈದೆಯೋ ಅಲ್ಲವೋ. ವೈನಿ ಹೋಗಿ ಕೇಳಿಯೇಬಿಟ್ಟರು.

"ಗಂಡ ಅದಾನೋ ಇಲ್ಲೋ ನನಗೇನ್ ಗೊತ್ರೀ. ಬಳಿ ಒಡಿ ಅಂತ ಯಾರೂ ಬಂದು ಹೇಳಿಲ್ಲ" ಎಂದು ಆಯಿ ಕೈಯಲ್ಲಿದ್ದ ಎರಡು ಹಸಿರು ಗಾಜಿನ ಬಳೆ ತೋರಿಸಿದಳಂತೆ. ಅಷ್ಟು ಸಾಕಾಯಿತು.

ಕುಪ್ಪಸ ಹೊಲಿಯುವ ಕೆಲಸ ನನಗೆ ಬಂತು. ಟೇಪು ಹಿಡಿದು ಕಟ್ಟೆಗೆ ಹೋಗಿ ಅಳತೆ ತೆಗೆದೆ. ಅವಳ ಹೆಗಲ ಎಲುಬುಗಳು ಬೆರಳಿಗೆ ಚುಚ್ಚುವಷ್ಟು ಎದ್ದಿದ್ದವು. ಬೆನ್ನ ಮೇಲೆ ಕೈಯಿಟ್ಟಾಗ ಅವಳು ಕಣ್ಣು ಮುಚ್ಚಿದಳು.

"ಯಾರರೆ ಮುಟ್ಟಿ ಭಾಳ ದಿನಾ ಆತು ತಂಗಿ" ಎಂದಳು.

ನನಗೂ ಹಾಗೇ ಅನ್ನಿಸಿತು. ದಿನಕ್ಕೆ ಹತ್ತು ಹೆಂಗಸರ ಅಳತೆ ತೆಗೆಯುತ್ತೇನೆ, ನನ್ನನ್ನು ಮುಟ್ಟುವವರು ಯಾರೂ ಇಲ್ಲ. ಒಳಗೆ ಬಂದು ಇರು ಎಂದು ಆಗ ಹೇಳಬಹುದಿತ್ತು. ಬದಲಿಗೆ, "ತೋಳು ಸಡಿಲ ಇರಲೇನ ಆಯಿ?" ಎಂದು ಕೇಳಿದೆ.

ಶುಕ್ರವಾರ ಸಂಜೆಗೆ ಮೊದಲು ವೈನಿಯ ಅಂಗಳದಲ್ಲಿ ಮಣೆ ಹಾಕಿದರು. ಆಯಿಗೆ ಬಚ್ಚಲಲ್ಲಿ ಬಿಸಿನೀರು ಹಾಕಿ, ಹೊಸ ಇಳಕಲ್ಲ ಸೀರೆ ಉಡಿಸಿ, ನಾನು ಹೊಲಿದ ಕುಪ್ಪಸ ತೊಡಿಸಿ ಕೂರಿಸಿದರು. ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅವಳು ಒಡ್ಡಿದ ಸೆರಗಿನ ಉಡಿಗೆ ಗೋಧಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ, ಬೆಲ್ಲ ಹಾಕಿದರು. ಮದುವೆಯಾಗದ ನನಗೆ ಅಲ್ಲಿ ಕೆಲಸವಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಯೂ ಇಲ್ಲ. ಗೇಟಿನ ಹತ್ತಿರ ಖಾಲಾ ಪಕ್ಕದಲ್ಲಿ ನಿಂತು ನೋಡಿದೆ. ನನಗೆ ನೋವಾಯಿತು, ನೋವಾದದ್ದಕ್ಕೆ ನಾಚಿಕೆಯೂ ಆಯಿತು. ಕೊನೆಗೆ ವೈನಿ ಒಂದು ಗಂಟು ತಂದು ಆಯಿಯ ಕೈಗೆ ಕೊಟ್ಟರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಚಾದರ. ಹಬ್ಬದ ಗದ್ದಲದಲ್ಲಿ ನಾಲ್ಕು ದಿನ ಪಾಳಿ ತಪ್ಪಬಹುದು, ಒಣ ರೊಟ್ಟಿ ಇದ್ದರೆ ಚಿಂತೆಯಿಲ್ಲ ಎಂಬುದು ಅವರ ಯೋಚನೆ. ನಮಗೆಲ್ಲ ಗೊತ್ತಿತ್ತು. ಆಯಿಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ.

ಕತ್ತಲಾಗುವ ಮೊದಲು ಆಯಿ ನನ್ನ ಬಾಗಿಲಿಗೆ ಬಂದಳು. ಸೊಂಟದಲ್ಲಿ ಉಡಿ ಕಟ್ಟಿಕೊಂಡಿದ್ದಳು, ಕಂಕುಳಲ್ಲಿ ಗಂಟು. ನನ್ನ ಬಾಯಿಯಲ್ಲಿ ಟಾಚಣಿ ಪಿನ್ನು, ತೊಡೆಯ ಮೇಲೆ ಹಬ್ಬದ ಆರ್ಡರು.

"ಏನ್ ಆಯಿ?"

"ಏನಿಲ್ಲ. ಸುಮ್ನ ಬಂದೆ."

ಸ್ವಲ್ಪ ಹೊತ್ತು ನಿಂತಳು. ನಾನು ಮಷೀನು ನಿಲ್ಲಿಸಲಿಲ್ಲ. "ನಾಳಿ ಮಾತಾಡೂಣು ಆಯಿ, ಕೈಯಾಗ ಭಾಳ ಕೆಲಸ ಅದ" ಎಂದೆ. ಅವಳು ತಲೆಯಾಡಿಸಿ ಹೋದಳು.

ಬೆಳಿಗ್ಗೆ ಕಟ್ಟೆ ಖಾಲಿ ಇತ್ತು. ಕೌದಿ ಇಲ್ಲ, ಚರಿಗೆ ಇಲ್ಲ, ನೆಲ ಗುಡಿಸಿ ಸ್ವಚ್ಛ ಮಾಡಿದ್ದಳು. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡೆ. ಚಹಾ ಕುಡಿದರೂ ಬರಲಿಲ್ಲ, ಎರಡು ತೋಳು ಹೊಲಿದರೂ ಬರಲಿಲ್ಲ. ಹೊಲಿಗೆ ಓರೆಯಾಯಿತು. ಬಸ್ ಸ್ಟ್ಯಾಂಡಿಗೆ ಓಡಿದೆ. ಖಾಲಾ ಬಳೆ ಗಾಡಿಯ ಮುಂದಿದ್ದರು.

"ನಸಕಿನ್ಯಾಗ ಸುರಪುರ ಬಸ್ ಹತ್ಯಾಳಲ್ಲ ಬೇಟಿ. ಹಬ್ಬಕ್ಕ ತನ್ನ ಮಂದಿ ಮನಿಗಿ ಹೊಂಟಾಳ ಅಂತ ಮಾಡಿ ನಾನ ಟಿಕೇಟಿಗಿ ರೊಕ್ಕಾ ಕೊಟ್ಟು ಗಂಟು ಎತ್ತಿ ಕೊಟ್ಟೆ" ಎಂದರು. ಅವರ ಮುಖವೂ ಸಣ್ಣಗಾಯಿತು.

ಮಷೀನಿಗೆ ಬಟ್ಟೆ ಮುಚ್ಚಿರಲಿಲ್ಲ, ಬಾಗಿಲಿಗೆ ಕೀಲಿಯನ್ನೂ ಹಾಕಿರಲಿಲ್ಲ. ಹಾಗೇ ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ ನೀರಿನ ಭತ್ತದ ಗದ್ದೆಗಳು ಹಸಿರಾಗಿದ್ದವು, ನನಗೆ ಅವುಗಳ ಮೇಲೂ ಸಿಟ್ಟು ಬರುತ್ತಿತ್ತು. ಯಾರ ಮನೆಗೆ ಹೋಗಿರಬಹುದು? ಯೋಚಿಸಿದಷ್ಟೂ ಒಂದೇ ಗೊತ್ತಾಗುತ್ತಿತ್ತು, ಅವಳಿಗೆ ಎಲ್ಲೂ ಯಾರೂ ಇಲ್ಲ.

ಆಯಿ ಸುರಪುರದ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಳು. ಸಿಮೆಂಟು ಬೆಂಚಿನ ತುದಿಯಲ್ಲಿ, ಉಡಿ ಬಿಚ್ಚದೆ, ನೆಟ್ಟಗೆ ಕೂತಿದ್ದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಸರಿದು ಜಾಗ ಕೊಟ್ಟಳು.

"ಹೇಳದ ಕೇಳದ ಹಿಂಗ ಎದ್ದ ಬಂದ್ರ ಹೆಂಗ ಆಯಿ?" ಎಂದು ಜೋರು ಮಾಡಿದೆ.

"ಉಡಿ ತುಂಬಿದ್ರಿ. ಹೊಸಾ ಸೀರಿ ಉಡಿಸಿದ್ರಿ. ರೊಟ್ಟಿ ಬುತ್ತಿ ಕಟ್ಟಿಕೊಟ್ರಿ. ಇಷ್ಟೆಲ್ಲಾ ಮಾಡಿ ಕಳಿಸಿದ ಮ್ಯಾಲ ಹೆಣ್ಣಮಗಳು ತವರಮನ್ಯಾಗ ಕುಂತ್ರ ಚಂದ ಕಾಣ್ತದೇನ ತಂಗಿ? ಹೋಗು ಅಂತ ಅನಿಸ್ಕೋಬಾರದು. ಮರ್ಯಾದಿಲೆ ಕಳಿಸಿದ್ರಿ, ಮರ್ಯಾದಿಲೆ ಬಂದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ನಮ್ಮನ್ನು ಮೆಚ್ಚಿಕೊಂಡೇ ಹೇಳುತ್ತಿದ್ದಳು. ಕಳಿಸಲಿಕ್ಕಲ್ಲ, ಹಬ್ಬಕ್ಕೆಂದು ತುಂಬಿದ್ದು, ನಾಲ್ಕು ದಿನಕ್ಕೆಂದು ಕಟ್ಟಿದ ರೊಟ್ಟಿ ಎಂದು ನಾನು ಗಡಬಡಿಸಿ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತ ಉಡಿಯನ್ನು ಎರಡೂ ಕೈಯಿಂದ ಸರಿಪಡಿಸಿಕೊಂಡಳು.

"ಎಲ್ಲಾರೂ ಹಿಡಿ ಹಾಕಿದ್ರು, ನೀ ದೂರ ನಿಂತಿದ್ದಿ. ಈಕಿಗಿ ನಾ ಹೋಗೂದು ಮನಸಿಲ್ಲ ಅಂದ್ಕೊಂಡೆ. ಅದಕ ನಿನ್ನ ಬಾಗಲಿಗಿ ಬಂದಿದ್ದೆ. ನೀನಾದ್ರೂ ಇರು ಅಂತಿ ಅಂತ ಮಾಡಿದ್ದೆ" ಎಂದಳು.

ಅವಳ ಗಂಟನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. "ಈಗ ಅಂತೀನಿ ಆಯಿ. ಇರು. ನಮ್ಮನ್ಯಾಗ ಇರು, ಕಟ್ಟಿ ಮ್ಯಾಲ ಅಲ್ಲ, ಒಳಗ."

ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಲೂ ಇಲ್ಲ. "ಓಣಿ ಮಂದಿ ಎಲ್ಲಾರ ಮುಂದ ಉಡಿ ತುಂಬಿಸ್ಕೊಂಡ ಹೊಂಟಾಕಿ, ಮರುದಿನಾನ ತಿರುಗಿ ಹೋದ್ರ ಜಾಗ ಇಲ್ಲದಕ್ಕ ಬಂದಾಳ ಅಂತಾರ. ಈ ಉಡಿ ಹಗುರ ಆಗ್ತದ. ನನಗ ಯಾರೂ ತುಂಬಿದ್ದಿಲ್ಲವ್ವಾ, ಇದ ಮೊದಲ."

ನನಗೆ ಸಿಟ್ಟು ಬಂತು, ಬೇಡಿದೆ, ಮತ್ತೆ ಸಿಟ್ಟಿಗೆದ್ದೆ. ಅವಳು ಎಲ್ಲಕ್ಕೂ ಹೂಂ ಎಂದಳು, ಎದ್ದು ಬರಲಿಲ್ಲ. ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಬೋರ್ಡನ್ನೂ ನೋಡದೆ ಆಯಿ ಎದ್ದು ಹತ್ತಿದಳು. ನಾನು ಗಂಟನ್ನೂ ಚರಿಗೆಯನ್ನೂ ಹಿಡಿದುಕೊಂಡು ಹಿಂದೆಯೇ ಮೆಟ್ಟಿಲು ಹತ್ತಿ ಅವಳ ಕಾಲ ಹತ್ತಿರ ಇಟ್ಟೆ. ಕಂಡಕ್ಟರ್ ಬಂದು ಹೆಂಗಸರ ಉಚಿತ ಟಿಕೇಟಿಗೆ ಆಧಾರ್ ಕಾರ್ಡು ಕೇಳಿದ. ಆಯಿ ಕೈ ತಿರುವಿ ಇಲ್ಲ ಎಂದಳು. ಅವನು ನನ್ನ ಕಡೆ ತಿರುಗಿದ.

"ಇವ್ರು ನಿಮ್ಮವ್ರೇನ್ರಿ?"

"ಹೌದ್ರಿ, ನಮ್ಮವ್ರು" ಎಂದೆ.

"ಹಂಗಾರ ಟಿಕೇಟ್ ತೊಗೋರಿ. ಎಲ್ಲಿಗಿ ಹೊಂಟಾರ?"

ನಾನು ಆಯಿಯ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಂಡಕ್ಟರ್ ಟಿಕೇಟಿನ ಮಷೀನಿನ ಮೇಲೆ ಬೆರಳಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದ.