ಕೂಗಿನ ಸರದಿ

ಬಂದರಿನ ಹಿಂದಿನ ಬೀದಿಯಲ್ಲಿ ಎರಡೇ ಕುರ್ಚಿಯ ಕ್ಷೌರದಂಗಡಿ ಇಟ್ಟುಕೊಂಡಿದ್ದವನಿಗೆ ಊರು ಇಟ್ಟ ಹೆಸರು ರೇಡಿಯೋ. ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಲು ಶುರು ಮಾಡಿದರೆ ಇವನ ಬಾಯಿಯೂ ಶುರು. ಕುರ್ಚಿಯಲ್ಲಿ ಕೂತವನು ಕತ್ತಿಯ ಭಯಕ್ಕೆ ಹೂಂ ಅನ್ನುವಂತಿರಲಿಲ್ಲ, ಊಹೂಂ ಅನ್ನುವಂತೆಯೂ ಇರಲಿಲ್ಲ. ಅಂಥವನ ಬಾಯಿ ಜೀವಮಾನದಲ್ಲಿ ಒಂದೇ ಒಂದು ಸಲ, ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಅವನೂ ಅವನ ಅಣ್ಣನೂ ಗಾಳದವರ ಸಂಘದ ಸದಸ್ಯರು. ವರ್ಷಕ್ಕೊಮ್ಮೆ ಸಂಘದವರು ಪುಟ್ಟ ದೋಣಿಗಳಲ್ಲಿ ಕಡಲಿಗೆ ಹೋಗಿ, ಯಾರ ಗಾಳಕ್ಕೆ ದೊಡ್ಡ ಮೀನು ಬೀಳುತ್ತದೆಂದು ಪೈಪೋಟಿ ನಡೆಸುತ್ತಿದ್ದರು. ಪೈಪೋಟಿ ಎನ್ನುವುದು ಹೆಸರಿಗೆ. ಗೆದ್ದವನಿಗೆ ಸಿಗುತ್ತಿದ್ದದ್ದು ಒಂದು ತಗಡಿನ ಬಟ್ಟಲು, ಜೊತೆಗೆ ವರ್ಷವಿಡೀ ಗೇಲಿ. ಒಂದು ಕಟ್ಟಳೆ ಮಾತ್ರ ತಮಾಷೆಯದಲ್ಲ. ಮಂಜು ಇಳಿದರೆ ಎಲ್ಲರೂ ಗಾಳ ಎತ್ತಿ, ಒಂದನೇ ದೋಣಿಯಿಂದ ಸರದಿಯಾಗಿ ತಮ್ಮ ದೋಣಿಯ ಸಂಖ್ಯೆ ಕೂಗಬೇಕು. ಕೊನೆಯವನು ಕೂಗಿದ ಮೇಲೆ ಒಂದನೆಯವನು ಮತ್ತೆ ‘ಒಂದು’ ಅನ್ನಬೇಕು. ಅದು ಕೇಳಿಸದಿದ್ದರೆ, ಮಿಕ್ಕವರು ದೂರ ತೇಲಿಹೋದರೆಂದು ತಿಳಿದು ಕೊನೆಯವನು ಅವರನ್ನು ಹುಡುಕಿಕೊಂಡು ಹೊರಡಬೇಕು.

ಹೋದ ವರ್ಷ ರೇಡಿಯೋ ಒಂದನೇ ದೋಣಿಯಲ್ಲಿದ್ದ, ಅಣ್ಣ ಏಳನೆಯದರಲ್ಲಿ ಒಬ್ಬನೇ ಇದ್ದ. ಮಂಜಿನೊಳಗಿಂದ ಅಣ್ಣ ‘ಏಳು’ ಎಂದಾಗ ರೇಡಿಯೋ ಗಾಳದ ಹರಿದ ದಾರಕ್ಕೆ ಗಂಟು ಹಾಕುತ್ತಿದ್ದ. ದಾರದ ತುದಿ ಹಲ್ಲಿನ ನಡುವೆ ಇತ್ತು. ಗಂಟು ಬಿಗಿದು, ದಾರ ಉಗುಳಿ, ಆಮೇಲೆ ‘ಒಂದು’ ಎಂದ. ಅಷ್ಟರಲ್ಲಿ ಅಣ್ಣ ಇವರನ್ನು ಹುಡುಕಲು ಹೊರಟಾಗಿತ್ತು. ದೋಣಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ಯಾರೂ ದೂರಲಿಲ್ಲ. ಅತ್ತಿಗೆಯಂತೂ ಆ ಬಗ್ಗೆ ತುಟಿ ಪಿಟಿಕ್ಕೆನ್ನಲಿಲ್ಲ. ಅದೇ ಅವನನ್ನು ತಿಂದುಹಾಕಿತು. ಅಂಗಡಿಯಲ್ಲೀಗ ಕತ್ತರಿಯದೊಂದೇ ಸದ್ದು. ಅತ್ತಿಗೆಯ ಮನೆ ಬಾಗಿಲಲ್ಲಿ ಸಾಮಾನಿನ ಚೀಲ ಇಟ್ಟು, ಅವಳ ಮುಖ ನೋಡದೆ ಬಂದುಬಿಡುತ್ತಿದ್ದ. ಸಂಘದವರು ದಡದಲ್ಲಿ ಹೊಸದಾಗಿ ಗಂಟೆ ಹಾಕಿಸಿದಾಗ, ಪೈಪೋಟಿಯ ದಿನ ಅದನ್ನು ಬಾರಿಸುವ ಕೆಲಸವನ್ನು ಅವಳೇ ಕೇಳಿ ಪಡೆದಳು. “ಮಂಜು ಬಂದ್ರೆ ನಾನು ಬಾರಿಸ್ತಾ ಇರ್ತೀನಿ, ನೀನು ಹೋಗಿ ಬಾ,” ಎಂದಳು.

ಈ ಸಲ ದೋಣಿಗಳು ಆರೇ. ರೇಡಿಯೋನ ಜೊತೆ ಬೇಕರಿಯವನಿದ್ದ. ಬೆಳಗ್ಗೆ ಒಳ್ಳೆಯ ಬಿಸಿಲಿತ್ತು, ಒಂದೆರಡು ಮೀನೂ ಬಿದ್ದವು. ಆಮೇಲೆ ಗಾಳಿ ನಿಂತು, ತಮ್ಮ ದೋಣಿಯ ಮೂತಿಯೇ ಕಾಣದಷ್ಟು ಮಂಜು ಕವಿಯಿತು. ದಡದಲ್ಲಿ ಗಂಟೆ ಶುರುವಾಯಿತು.

“ಒಂದು,” ಎಂದ ರೇಡಿಯೋ. ಸರದಿ ಸಾಗಿ ಆರನೆಯವನೂ ಕೂಗಿದ. ಸುತ್ತು ಮುಗಿಸಲು ರೇಡಿಯೋ ಬಾಯಿ ತೆರೆದ.

“ಏಳು.”

ದೂರದ ಕೂಗು, ಆದರೆ ಸ್ಪಷ್ಟ. ನೆಗಡಿ ಹಿಡಿದ ಗಂಟಲು. ಕಡಲಿಗೆ ಹೋದಾಗಲೆಲ್ಲ ಅಣ್ಣನಿಗೆ ನೆಗಡಿಯಾಗುತ್ತಿತ್ತು.

ಬೇಕರಿಯವನು ರೇಡಿಯೋನ ಮಣಿಕಟ್ಟು ಹಿಡಿದ. ಅವನ ಕೈ ನಾದಿಟ್ಟ ಹಿಟ್ಟಿನ ಹಾಗೆ ತಣ್ಣಗಿತ್ತು. “ಸುಮ್ನಿರಪ್ಪ. ಉತ್ತರ ಕೊಟ್ರೆ ಅದು ನಮ್ ಹಿಂದೇನೇ ಬರತ್ತೆ.”

“ಬರ್ಲಿ ಬಿಡು.”

ರೇಡಿಯೋನಿಗೂ ಹೆದರಿಕೆಯಿತ್ತು. ಆದರೆ ಅಣ್ಣನ ಕೂಗು ಇನ್ನೊಂದು ಸಲ ಉತ್ತರವಿಲ್ಲದೆ ಹೋಗುವುದನ್ನು ಅವನಿಂದ ತಾಳಲು ಆಗುತ್ತಿರಲಿಲ್ಲ. “ಒಂದು,” ಎಂದ, ಜೋರಾಗಿ.

ಮಂಜಿನಲ್ಲಿ ಹುಟ್ಟು ನೀರಿಗೆ ಬಿದ್ದ ಸದ್ದಾಯಿತು. ಗಂಟೆ ಕೇಳುತ್ತಿದ್ದದ್ದು ಎಡಕ್ಕೆ. ಹುಟ್ಟಿನ ಸದ್ದು ಬಲಕ್ಕೆ, ನಡುಗಡಲಿನ ಕಡೆ ಸರಿಯುತ್ತಿತ್ತು.

“ಅಣ್ಣಾ, ಆ ಕಡೆ ಅಲ್ಲ. ಇಲ್ಲಿದೀವಿ ನಾವು. ನನ್ ಮಾತು ಹಿಡ್ಕೊಂಡು ಬಾ.”

ಸದ್ದು ನಿಂತಿತು. ಆಮೇಲೆ ಇವರ ಕಡೆ ತಿರುಗಿತು. ದೋಣಿಗೆ ಕಾಲಿಲ್ಲದಿದ್ದರೂ ಉಳಿದ ಐದು ದೋಣಿಯವರು ಕಾಲಿಗೆ ಬುದ್ಧಿ ಹೇಳಿದರು.

ರೇಡಿಯೋ ವರ್ಷವಿಡೀ ನುಂಗಿದ್ದ ಮಾತನ್ನೆಲ್ಲ ಬಿಚ್ಚಿದ. ಅಂಗಡಿಯ ಕನ್ನಡಿ ಬಿರುಕು ಬಿಟ್ಟದ್ದು, ಅಣ್ಣನ ಮಗಳಿಗೆ ಮುಂದಿನ ಹಲ್ಲು ಬಿದ್ದು ಹೊಸದು ಬಂದದ್ದು, ಅತ್ತಿಗೆ ಇನ್ನೂ ಅಣ್ಣನ ಅಂಗಿಗಳಿಗೆ ಇಸ್ತ್ರಿ ಹಾಕುವುದು. ಹಿಂದಕ್ಕೆ ಮುಖ ಮಾಡಿ ಗಂಟೆಯ ಸದ್ದಿನ ಕಡೆ ಹುಟ್ಟು ಹಾಕುತ್ತಿದ್ದ ಬೇಕರಿಯವನು ದಾರಿಯುದ್ದಕ್ಕೂ ಕಣ್ಣು ಬಿಡಲಿಲ್ಲ. ಅವನ ಹುಟ್ಟು ಬಿದ್ದ ಮೇಲೆ ಪ್ರತಿ ಸಲವೂ ದೋಣಿಯ ಹಿಂದೆ ಇನ್ನೊಂದು ಹುಟ್ಟು ಬೀಳುತ್ತಿತ್ತು. ರೇಡಿಯೋ ತಿರುಗಿ ನೋಡಲಿಲ್ಲ. ನೋಡಿದರೆ ಮಾತು ನಿಂತುಬಿಡುತ್ತದೆಂದು ಅವನಿಗೆ ಗೊತ್ತಿತ್ತು.

ದೋಣಿ ದಡದ ಕಲ್ಲುಮೆಟ್ಟಿಲಿಗೆ ತಾಗಿತು. ಗಂಟೆ ನಿಂತಿತು. ಅತ್ತಿಗೆ ಮೆಟ್ಟಿಲಿಳಿದು ಬಂದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಅವನು ಅವಳ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನ ಬೆನ್ನಿನಾಚೆ, ನೀರಿನ ಕಡೆ ನೋಡುತ್ತಾ, “ಯಾಕ್ರೀ ಇಷ್ಟು ತಡ?” ಎಂದಳು.