ಪರ ವಹಿಸಲು ಬಂದ ನಾಯಕರು

ಸುಂಟಿಕೊಪ್ಪದ ಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಕೆಲಸಗಾರರ ಹಾಜರಿ ಬರೆಯುವುದು, ಸಾಹುಕಾರರ ಬೈಗುಳವನ್ನು ಸ್ವಲ್ಪ ಮೆತ್ತಗೆ ಮಾಡಿ ಕೆಲಸಗಾರರ ಲೈನ್ ಮನೆಗಳಿಗೆ ತಲುಪಿಸುವುದು ನನ್ನ ಉದ್ಯೋಗ. ಆ ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಗಿದ್ದಾಗ, ಕೆಲಸಗಾರರನ್ನು ತುಂಬಿಕೊಂಡು ಹೋಗುತ್ತಿದ್ದ ಪಿಕಪ್ ಜೀಪು ತಿರುವಿನಲ್ಲಿ ಎಗರಿ, ಹಿಂದೆ ನಿಂತಿದ್ದ ಹೆಂಗಸೊಬ್ಬಳು ಬಿದ್ದು ಕೈ ಮುರಿದುಕೊಂಡಳು. ಮರುದಿನ ಯಾರೂ ಜೀಪು ಹತ್ತಲಿಲ್ಲ.

"ಸೀಟಿರೋ ವ್ಯಾನ್ ಬರ್ಲಿ ರೈಟರೇ, ನಾವೂ ಬರ್ತೇವೆ," ಎಂದಳು ಪಿಕ್ಕಿಂಗ್ ಗುಂಪಿನ ಹಿರಿಯಳು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ.

ಸಾಹುಕಾರರು ಕೂಗಾಡಿ ಸುಸ್ತಾದ ಮೇಲೆ ನನ್ನನ್ನು ಕರೆದು, "ಹಳೇ ಸ್ಕೂಲ್ ವ್ಯಾನೊಂದು ಮಾರ್ಲಿಕ್ಕಿದೆಯಂತೆ, ವಿಚಾರಿಸಿ ನೋಡಿ," ಎಂದರು. ಮುಷ್ಕರ ಮುಗಿಯಿತೆಂದು ನಾನು ಹಿಗ್ಗಿದೆ.

ಅಷ್ಟರಲ್ಲಿ ನಮ್ಮ ಭಾಗದ ನಾಯಕರಿಗೆ ಬಡವರ ನೆನಪಾಯಿತು. ನಮ್ಮದಕ್ಕಿಂತ ದೊಡ್ಡ ಎಸ್ಟೇಟಿನ ಒಡೆಯರಾದ ಅವರಿಗೆ ಈ ನೆನಪು ಬರುವುದು ಅಪರೂಪ. ಬಂದಾಗ ಮೈಕಿನ ಸಮೇತ ಬರುತ್ತದೆ. ನಮ್ಮ ಗೇಟಿನೆದುರು ಕರೆದ ಸಭೆಯಲ್ಲಿ ಜನ ಕಡಿಮೆ ಕಾಣಬಾರದೆಂದು ತಮ್ಮ ಕೆಲಸಗಾರರನ್ನೂ ತುಂಬಿಸಿ ತಂದಿದ್ದರು, ತಮ್ಮದೇ ಪಿಕಪ್ ಜೀಪುಗಳಲ್ಲಿ.

"ನಮ್ಮ ತಾಯಂದಿರೇನು ಮೂಟೆಗಳಾ?" ಎಂದು ನಾಯಕರು ಗುಡುಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಆ ಜೀಪುಗಳಲ್ಲಿ ಬಂದವರು. ದಾರಿಯುದ್ದಕ್ಕೂ ಒಬ್ಬರ ಕಾಲ ಮೇಲೊಬ್ಬರು ನಿಂತು ಬಂದಿದ್ದ ಅವರಿಗೆ ಭಾಷಣ ಚೆನ್ನಾಗಿ ಅರ್ಥವಾಗಿತ್ತು.

ಸಭೆ ಮುಗಿದಾಗ ನಾಯಕರು ಜೀಪು ತೋರಿಸಿ ತಮ್ಮ ಕೆಲಸಗಾರರಿಗೆ, "ಹತ್ತಿ, ಹತ್ತಿ, ಹೊತ್ತಾಯ್ತು," ಎಂದರು. ಯಾರೂ ಅಲುಗಾಡಲಿಲ್ಲ.

"ನಾವು ಮೂಟೆಗಳಾ ಅಣ್ಣಾ?" ಎಂದು ಅವರಲ್ಲೊಬ್ಬ ಮುದುಕ ಬಹಳ ವಿನಯದಿಂದ ಕೇಳಿದ.

ತಮಾಷೆಯೆಂದುಕೊಂಡು ನಾಯಕರು ನಕ್ಕರು. ಎಲ್ಲರೂ ನಡೆದೇ ಹೊರಟಾಗ ನಗು ನಿಲ್ಲಿಸಿದರು. ಮರುದಿನ ಅವರ ಎಸ್ಟೇಟಿನ ಗೇಟಿನಲ್ಲೂ ಮುಷ್ಕರ ಶುರುವಾಯಿತು.

ಇತ್ತ ನಮ್ಮ ಸಾಹುಕಾರರು ಸೆಟೆದು ನಿಂತರು. "ಈಗ ವ್ಯಾನ್ ತಂದ್ರೆ ಅವ ಹೇಳಿದ್ದಕ್ಕೆ ತಂದ ಹಾಗಾಗ್ತದೆ. ಬೇಡವೇ ಬೇಡ!" ಹಣ್ಣು ಗಿಡದಿಂದ ಉದುರುತ್ತಿತ್ತು, ಲೈನಿನಲ್ಲಿ ಒಲೆಗಳು ಒಂದೇ ಹೊತ್ತು ಉರಿಯುತ್ತಿದ್ದವು. ಭಾಷಣದಿಂದ ನಮಗಾದ ಲಾಭ ಇಷ್ಟು.

"ಅವರನ್ನ ಕರೆದದ್ದು ಯಾರು ರೈಟರೇ?" ಅಕ್ಕ ಕೇಳಿದಳು.

"ಯಾರೂ ಕರೀಲಿಲ್ಲ ಅಕ್ಕ."

"ಹಾಗಾದ್ರೆ ಬರ್ಬೇಡಿ ಅಂತ ಹೇಳ್ಲಿಕ್ಕೆ ಯಾರ ಹತ್ರ ಹೋಗೋದು?"

ನಾನು ಖಾಲಿ ಹಾಜರಿ ಪುಸ್ತಕ ತಿರುವಿದೆ. ಅವಳ ಮುಖ ನೋಡಲು ಆಗಲಿಲ್ಲ.

ತಮ್ಮ ಗೇಟಿನ ಗಲಾಟೆ ಬಲಿತ ಮೇಲೆ ನಾಯಕರಿಗೆ ಜ್ಞಾನೋದಯವಾಯಿತು. ಮಾಲೀಕರು ಮತ್ತು ಕಾರ್ಮಿಕರ ನಡುವೆ ರಾಜಕಾರಣಿಗಳು ತಲೆ ಹಾಕಬಾರದೆಂದು ಪತ್ರಿಕೆಯವರ ಮುಂದೆ ಗಂಭೀರವಾಗಿ ಹೇಳಿಕೆ ಕೊಟ್ಟರು. ಅದನ್ನು ಓದಿ ನಮ್ಮ ಸಾಹುಕಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೋಗಿ, ಆ ವ್ಯಾನ್ ತಗೊಂಡು ಬನ್ನಿ. ದಿನಾ ಅವನ ಗೇಟಿನೆದುರೇ ಓಡ್ಬೇಕು ಅದು!" ದಯೆಯಿಂದ ಆಗದ ಕೆಲಸ ಹಟದಿಂದ ಆಯಿತು. ನಮಗೆ ವ್ಯಾನ್ ಬೇಕಿತ್ತು, ಕಾರಣ ಯಾವುದಾದರೇನು?

ವ್ಯಾನ್ ಬಂದ ದಿನ ನಾಯಕರು ರಿಬ್ಬನ್, ಕತ್ತರಿ ಸಮೇತ ಹಾಜರಾದರು. ಹೆಂಗಸರು ಆಗಲೇ ಸೀಟು ಹಿಡಿದಿದ್ದರು. "ಹೋಗಪ್ಪಾ, ಬಿಸಿಲೇರ್ತದೆ," ಎಂದಳು ಅಕ್ಕ. ಡ್ರೈವರ್ ಹೊರಟೇಬಿಟ್ಟ.

ಧೂಳಿನಲ್ಲಿ ನಿಂತ ನಾಯಕರು, "ಇದಕ್ಕೆ ನಾನೆಷ್ಟು ಕಷ್ಟಪಟ್ಟೆ, ಅಲ್ವಾ ರೈಟರೇ?" ಎಂದರು.

"ನೀವು ಸುಮ್ಮನಾದ್ಮೇಲೆ ಬೇಗ ಆಯ್ತು ಸಾರ್," ಎಂದೆ.

ಅವರು ಕಾರು ಹತ್ತಿದರು. ಅವರ ಎಸ್ಟೇಟಿನ ಗೇಟಿನಲ್ಲಿ ಕೆಲಸಗಾರರು ಇನ್ನೂ ಕೂತೇ ಇದ್ದುದರಿಂದ ಹಿಂದಿನ ದಾರಿಯಿಂದ ಮನೆ ಸೇರಿದರಂತೆ.